ಸೂಜಿಯೊಳಗೆ ಏನಿದೆ?

ದನದ ಡಾಕ್ಟರಿಗೆ ಪಿಎಚ್‌.ಡಿ. ಯಾಕೆ, ಸೂಜಿ ಹಾಕಲು ಬಂದರೆ ಸಾಕಲ್ಲ ಎಂಬ ಲೇಖನ ಓದಿದೆ. ಬರೆದವರು ಅಫಜಲಪುರದ ಕಡೆ, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ಆಕಳು ಉಸಿರು ಸಿಗದೆ ಕಾಲು ಸೆಟೆದು ಬೀಳುವುದನ್ನು ಕಂಡಿದ್ದಾರೆಯೇ? ಆ ಎಳೆ ದಂಟಿನಲ್ಲಿರುವುದು ಸಯನೈಡ್ ವಿಷ. ಸೋಡಿಯಂ ನೈಟ್ರೈಟ್, ಥಯೋಸಲ್ಫೇಟ್ ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ಹೋದರೆ ಜೀವ ಉಳಿದೀತು. ಸೂಜಿಯೊಳಗೆ ಏನಿರಬೇಕು, ಎಷ್ಟಿರಬೇಕು ಎಂದು ಯಾರೋ ವರ್ಷಗಟ್ಟಲೆ ಕೂತು ಕಂಡುಕೊಂಡದ್ದು; ಜಾತ್ರೆಯ ಪ್ರಸಾದವಲ್ಲ. ದನಗಳ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ತೊಲಗಿದ್ದೂ ಪ್ರಯೋಗಾಲಯದಲ್ಲಿ ಹುಟ್ಟಿದ ಲಸಿಕೆಯಿಂದ.

ಐದೂವರೆ ವರ್ಷ ಪದವಿ, ಎರಡು ವರ್ಷ ಸ್ನಾತಕೋತ್ತರ, ಮೇಲೆ ಕನಿಷ್ಠ ಮೂರು ವರ್ಷ ಸಂಶೋಧನೆ. ಉದ್ದದ ಹಾದಿ, ಒಪ್ಪಿದೆ. ಓದಿದವರು ಜೇವರ್ಗಿಯತ್ತ ತಲೆಹಾಕುವುದಿಲ್ಲ ಎಂಬ ದೂರಿನಲ್ಲೂ ಹುರುಳಿದೆ. ಆದರೆ ಅದಕ್ಕೆ ಮದ್ದು ಸಂಶೋಧನೆ ಬಿಡುವುದಲ್ಲ, ವಿಷಯವನ್ನು ಇಲ್ಲಿಂದಲೇ ಎತ್ತಿಕೊಳ್ಳುವುದು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲಿ; ಆಳಂದದವರಿಗೆ ಅದೇನು ಬೆಂಗಳೂರೇ? ದೇವಣಿ ತಳಿಯೂ ಈ ಸೀಮೆಯದೇ. ನೊಗ ಉಜ್ಜಿ ಹುಣ್ಣಾದ ದೇವಣಿ ಎತ್ತಿನ ಹೆಗಲ ಮೇಲೆ ಒಂದು ಮಹಾಪ್ರಬಂಧ ಬರಲಿ. ಮೌಖಿಕ ಪರೀಕ್ಷೆಯ ದಿನ ಲೇಖಕರನ್ನೂ ಕರೆಯೋಣ.