ಮುನ್ನುಡಿ ಓದದ ತಾತ

ಮಕ್ಕಳೇ, ಈ ವಾರ ನಾನೇ ಮಾಡಿದ ಒಂದು ತಪ್ಪಿನ ಕತೆ ಹೇಳುತ್ತೇನೆ. ನಿಮ್ಮ ಅಜ್ಜ, ಅಜ್ಜಿಗೂ ಓದಿ ಹೇಳಿ.

ಏಳನೇ ತರಗತಿಯ ನನ್ನ ಮೊಮ್ಮಗಳಿಗೆ ಪ್ರೋಗ್ರಾಮಿಂಗ್ ಕಲಿಯುವ ಆಸೆ. ಅವಳ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದೆ. ಬ್ರಿಯಾನ್ ಕರ್ನಿಹಾನ್ ಮತ್ತು ಡೆನಿಸ್ ರಿಚಿ ಬರೆದ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಸಿಕ್ಕಿತು. 1978ರಲ್ಲಿ ಮೊದಲು ಬಂದ, ಲೋಕವೇ ಮೆಚ್ಚಿದ ಪುಸ್ತಕ. ಸುತ್ತಲಿನ ದಪ್ಪ ದಪ್ಪ ಪುಸ್ತಕಗಳ ನಡುವೆ ಇದು ತೆಳ್ಳಗಿತ್ತು. ಮಗುವಿಗೆ ಇದೇ ಸರಿ ಎಂದು ಕೊಂಡು ತಂದೆ.

ನಾಲ್ಕು ದಿನ ಓದಿದಳು. ಐದನೆಯ ದಿನ ಪುಸ್ತಕ ಕಪಾಟು ಸೇರಿತು. “ತಾತ, ನನಗೆ ಇದೆಲ್ಲ ಆಗಲ್ಲ. ನಾನು ದಡ್ಡಿ ಅನ್ಸುತ್ತೆ” ಎಂದಳು.

ಆ ಮಾತು ಮನಸ್ಸಿಗೆ ಚುಚ್ಚಿತು. ರಾತ್ರಿ ಕನ್ನಡಕ ಏರಿಸಿಕೊಂಡು ನಾನೇ ಓದಲು ಕೂತೆ. ಇದು ಪ್ರೋಗ್ರಾಮಿಂಗಿನ ಮೊದಲ ಪಾಠದ ಪುಸ್ತಕವಲ್ಲ, ಸ್ವಲ್ಪ ತಿಳಿದವರಿಗೆ ಬರೆದದ್ದು ಎಂದು ಲೇಖಕರು ಮುನ್ನುಡಿಯಲ್ಲೇ ಹೇಳಿಬಿಟ್ಟಿದ್ದಾರೆ! ಹೊಸಬರೂ ಓದಬಹುದು, ಆದರೆ ತಿಳಿದವರೊಬ್ಬರು ಜೊತೆಗಿದ್ದರೆ ಅನುಕೂಲ ಎಂದೂ ಸೇರಿಸಿದ್ದಾರೆ. ದಡ್ಡತನ ನನ್ನದು, ಅವಳದಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಹಾಗೆಂದೇ ಹೇಳಿದೆ.

ಶನಿವಾರ ಮಧ್ಯಾಹ್ನ ಇಬ್ಬರೂ ಸೇರಿ ಹೋದೆವು. ಈ ಸಲ ಪುಸ್ತಕಕ್ಕೆ ಮೂರು ಪರೀಕ್ಷೆ. ಒಂದು, ಮುನ್ನುಡಿ: ಇದು ಯಾರಿಗಾಗಿ ಬರೆದದ್ದು? ಎರಡು, ಮೊದಲ ಅಧ್ಯಾಯ: ಮನೆಗೆ ಹೋದ ದಿನವೇ ಮಾಡಿ ನೋಡುವಂಥ ಚಿಕ್ಕ ಉದಾಹರಣೆ ಇದೆಯೇ? ಮೂರು, ಇಸವಿ. ಪೈಥಾನ್ 2ಕ್ಕೆ ಬೆಂಬಲ 2020ರಲ್ಲೇ ನಿಂತಿದೆ. ಈಗ ನಡೆಯುತ್ತಿರುವುದು ಪೈಥಾನ್ 3. ಗುರುತು ಸುಲಭ: ಉದಾಹರಣೆಗಳಲ್ಲಿ ‘ಪ್ರಿಂಟ್’ ಪದದ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಹಳೆಯದು. ಮೂರರಲ್ಲೂ ಪಾಸಾದ ಪೈಥಾನ್ ಪುಸ್ತಕವನ್ನು ಅವಳೇ ಆರಿಸಿದಳು.

“ಆಪರೇಟಿಂಗ್ ಸಿಸ್ಟಮ್ ಪುಸ್ತಕ?” ಎಂದಳು. ಈಗಲೇ ಬೇಡ ಎಂದೆ. ಇರುವ ಒಂದೇ ಬಚ್ಚಲುಮನೆಗೆ ಬೆಳಿಗ್ಗೆ ಅಜ್ಜಿ ಎಲ್ಲರ ಸರದಿ ಗೊತ್ತುಮಾಡುತ್ತಾಳಲ್ಲ, ಹಾಗೆ ಪ್ರೊಸೆಸರನ್ನೂ ಮೆಮೊರಿಯನ್ನೂ ಪ್ರೋಗ್ರಾಮುಗಳಿಗೆ ಹಂಚುವುದು ಅದರ ಕೆಲಸ. ನಾಲ್ಕು ಪ್ರೋಗ್ರಾಮು ತಾವೇ ಬರೆದವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅವರದೂ ಇದೇ ದಾರಿ. ಹುಡುಗನಾಗಿದ್ದಾಗ ತಾಯಿಯ ತಂದೆಯ ಕಮೊಡೋರ್ ವಿಕ್-20 ಕಂಪ್ಯೂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿತರು. ವಿಶ್ವವಿದ್ಯಾಲಯ ಸೇರಿದ ಮೇಲೆ ಆಂಡ್ರ್ಯೂ ಟನೆನ್‌ಬಾಮ್ ಅವರ ಆಪರೇಟಿಂಗ್ ಸಿಸ್ಟಮ್ ಪುಸ್ತಕ ಓದಿದರು. 1991ರಲ್ಲಿ, 21ನೇ ವಯಸ್ಸಿನಲ್ಲಿ, ಲಿನಕ್ಸ್ ಹೊರತಂದರು. ಮೊದಲು ತಾತನ ಪಕ್ಕ, ಆಮೇಲೆ ದಪ್ಪ ಪುಸ್ತಕ!

ನಿನ್ನೆ ಮೊಮ್ಮಗಳು ಹದಿನೇಳರ ಮಗ್ಗಿಯ ಪ್ರೋಗ್ರಾಂ ಬರೆದಳು. ಒಂದರಿಂದ ಹತ್ತು ಎಂದು ಕೊಟ್ಟರೂ ಮಗ್ಗಿ 153ಕ್ಕೇ ನಿಂತಿತು. ನನ್ನ ಎದೆ ಢವಢವ. ಅವಳು ಮಾತ್ರ ಪುಟ ಹಿಂದಕ್ಕೆ ತಿರುವಿ, “ಪೈಥಾನ್ ಕೊನೆಯ ಅಂಕಿಗೆ ಮುಂಚೆಯೇ ನಿಲ್ಲುತ್ತೆ ತಾತ, ಹನ್ನೊಂದು ಅಂತ ಕೊಡಬೇಕು” ಎಂದಳು. 170 ಬಂತು.

ಆ ತೆಳ್ಳನೆಯ ಪುಸ್ತಕ ಇನ್ನೂ ಕಪಾಟಿನಲ್ಲಿದೆ. ಇರಲಿ, ಅದರ ಕಾಲವೂ ಬರುತ್ತದೆ.