ಅನುದಾನದ ಬೇಡಿಕೆ, ಕಾರ್ಖಾನೆಯ ಪಾಡು

ಕಾರಿನಂತೆ ಬಸ್ಸನ್ನೂ ಒಂದೇ ಅಚ್ಚಿನಲ್ಲಿ ಸಾವಿರಗಟ್ಟಲೆ ತಯಾರಿಸಿದರೆ ಅಗ್ಗವಾಗುವುದೆಂಬ ನಂಬಿಕೆಯಿಂದ ಹುಟ್ಟಿದ್ದು ‘ಲೇಲ್ಯಾಂಡ್ ನ್ಯಾಷನಲ್’. ಬ್ರಿಟನ್ನಿನ ಸರ್ಕಾರಿ ಸ್ವಾಮ್ಯದ ನ್ಯಾಷನಲ್ ಬಸ್ ಕಂಪನಿಯೂ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆಯೂ ಜೊತೆಗೂಡಿ ವರ್ಕಿಂಗ್ಟನ್ ಬಳಿ ಇದಕ್ಕೆಂದೇ ಕಾರ್ಖಾನೆ ಕಟ್ಟಿದವು. ವರ್ಷಕ್ಕೆ 2,000 ಬಸ್ಸುಗಳ ಸಾಮರ್ಥ್ಯವಿದ್ದರೂ 1972ರಿಂದ 1985ರವರೆಗೆ ಹೊರಬಂದದ್ದು ಏಳು ಸಾವಿರಕ್ಕಿಂತ ಹೆಚ್ಚು.

ಎಂಜಿನ್ ವಿಪರೀತ ಹೊಗೆ ಉಗುಳುತ್ತಿತ್ತು, ನಿಜ. ಆದರೆ ಮೂಲ ದೋಷವಿದ್ದದ್ದು ಅರ್ಥಶಾಸ್ತ್ರದಲ್ಲಿ. 1970ರ ದಶಕದಲ್ಲಿ, ನಿರ್ವಾಹಕನಿಲ್ಲದೆ ಚಾಲಕನೊಬ್ಬನೇ ನಡೆಸಬಲ್ಲ ಹೊಸ ಬಸ್ಸಿನ ಅರ್ಧ ಬೆಲೆಯನ್ನು ಸರ್ಕಾರವೇ ಭರಿಸುತ್ತಿತ್ತು. ಅನುದಾನ ಸೃಷ್ಟಿಸಿದ ಬೇಡಿಕೆಯನ್ನು ಮಾರುಕಟ್ಟೆಯ ಬೇಡಿಕೆಯೆಂದು ಭಾವಿಸಲಾಯಿತು. 1980ರ ದಶಕದಲ್ಲಿ ಅನುದಾನ ನಿಂತಿತು. 1986ರಲ್ಲಿ ಲಂಡನ್ನಿನ ಹೊರಗೆ ಬಸ್ ಸೇವೆ ನಿಯಂತ್ರಣಮುಕ್ತವಾಯಿತು. ಪ್ರಮುಖ ಗ್ರಾಹಕನಾಗಿದ್ದ ನ್ಯಾಷನಲ್ ಬಸ್ ಕಂಪನಿಯೇ ಹೋಳುಹೋಳಾಗಿ ಮಾರಾಟವಾಯಿತು. 1993ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಈ ಬಸ್ಸಿನ ಗಟ್ಟಿಮುಟ್ಟಾದ ಒಡಲು ಮಾತ್ರ ಹಳಿಗಳ ಮೇಲೆ ಉಳಿಯಿತು. ಮಿತವ್ಯಯದ ಹೆಸರಿನಲ್ಲಿ ಅದನ್ನೇ ಆಧರಿಸಿ ನಿರ್ಮಿಸಿದ ‘ಪೇಸರ್’ ರೈಲುಗಳಲ್ಲಿ ಉತ್ತರ ಇಂಗ್ಲೆಂಡಿನ ಜನ 2020ರವರೆಗೂ ಕುಲುಕುತ್ತ ಪ್ರಯಾಣಿಸಿದರು.

ಅನುದಾನ ಘೋಷಿಸುವ ಯಾವುದೇ ಸರ್ಕಾರ, ಅದು ನಿಂತ ಮರುದಿನ ಕೊಳ್ಳುವವರು ಯಾರೆಂಬುದನ್ನು ಮೊದಲೇ ಯೋಚಿಸಬೇಕು. ಇಲ್ಲವಾದರೆ ನಷ್ಟ ಹೊರುವವರು ಕಾರ್ಮಿಕರು ಮತ್ತು ಪ್ರಯಾಣಿಕರು.