ಸೇರುವುದು ಸುಲಭ, ಬಿಡುಗಡೆ ಕಷ್ಟ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ವೈಫೈ ನಿಂತುಹೋಗಿತ್ತು. ಯಂತ್ರವನ್ನು ಆರಿಸದೆಯೇ, ವೈಫೈ ನಡೆಸುವ ಮಾಡ್ಯೂಲನ್ನು ಕರ್ನೆಲ್‌ನಿಂದ ತೆಗೆದು ಮತ್ತೆ ಸೇರಿಸಿದ, ಸರಿಹೋಯಿತು. "ತೆಗೆಯಲು ಒಪ್ಪದಿದ್ದರೆ ಬಲವಂತವಾಗಿಯೂ ಕೀಳಬಹುದು ಸಾರ್" ಎಂದ. ಆ ಮಾತು ಮಾತ್ರ ನನಗೆ ಹಿಡಿಸಲಿಲ್ಲ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಬೇಕಾದ ಭಾಗಗಳನ್ನು ಮಾಡ್ಯೂಲುಗಳಾಗಿ, ಯಂತ್ರ ನಡೆಯುತ್ತಿರುವಾಗಲೇ ಅದಕ್ಕೆ ಸೇರಿಸಬಹುದು. ಪ್ರತಿ ಮಾಡ್ಯೂಲನ್ನೂ ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಎಣಿಕೆಯನ್ನು ಕರ್ನೆಲ್ ಇಟ್ಟಿರುತ್ತದೆ. ಎಣಿಕೆ ಸೊನ್ನೆಯಾಗುವವರೆಗೆ ಆರ್‌ಎಂಮಾಡ್ ಆದೇಶಕ್ಕೆ "ಬಳಕೆಯಲ್ಲಿದೆ" ಎಂಬುದೇ ಉತ್ತರ. ಗ್ರಂಥಾಲಯದ ಪುಸ್ತಕ ಹಿಂದಿರುಗಿಸದವನಿಗೆ ನಾವು ಟಿ.ಸಿ. ಕೊಡುತ್ತಿರಲಿಲ್ಲವಲ್ಲ, ಹಾಗೆ.

ಬಲವಂತದಿಂದ ತೆಗೆದರೆ ಆಗುವುದೇನು? ಮಾಡ್ಯೂಲ್ ಇದ್ದ ಸ್ಮೃತಿಭಾಗ ಬರಿದಾಗುತ್ತದೆ. ಆದರೆ ಇನ್ನೊಂದು ಪ್ರೊಸೆಸರ್ ಅದೇ ಕ್ಷಣದಲ್ಲಿ ಅಲ್ಲಿನ ಸೂಚನೆಗಳನ್ನು ಪಾಲಿಸುತ್ತಿರಬಹುದು. ಮೆಟ್ಟಿಲು ಇಳಿಯುತ್ತಿರುವವನ ಕಾಲಡಿಯಿಂದ ಮೆಟ್ಟಿಲನ್ನೇ ಎಳೆದಂತೆ! ಇಡೀ ಯಂತ್ರ ಕುಸಿದು, ಉಳಿಸದ ಬರಹವೆಲ್ಲ ಹೋದೀತು. ಆದ್ದರಿಂದಲೇ ಈ ಸೌಲಭ್ಯವನ್ನು ಪ್ರತ್ಯೇಕವಾಗಿ ಆರಿಸಿ ಕಟ್ಟಿದ ಕರ್ನೆಲ್‌ನಲ್ಲಿ ಮಾತ್ರ ಅದು ದೊರೆಯುತ್ತದೆ. ಬಳಸಿದರೆ ಕರ್ನೆಲ್ ತನ್ನನ್ನೇ ಕಳಂಕಿತವೆಂದು ಗುರುತಿಸಿಕೊಳ್ಳುತ್ತದೆ.

ಹಾಗಾದರೆ ತೆಗೆಯುವುದನ್ನೇ ನಿಷೇಧಿಸಬೇಕೆ? 2002ರಲ್ಲಿ ರಸ್ಟಿ ರಸೆಲ್ ಅವರು ಮಾಡ್ಯೂಲ್ ವ್ಯವಸ್ಥೆಯನ್ನು ಹೊಸದಾಗಿ ಬರೆದರು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿಯಲ್ಲಿ, ತೆಗೆಯುವ ಸೌಲಭ್ಯವೇ ಇಲ್ಲದಂತೆ ಕರ್ನೆಲ್ ಕಟ್ಟಲು ಅವಕಾಶವಿತ್ತು, ಇಂದಿಗೂ ಇದೆ. ಆದರೆ ಅದು ಎಲ್ಲರಿಗೂ ತಕ್ಕುದೆಂದು ನಾನು ಒಪ್ಪಲಾರೆ. ಡ್ರೈವರ್ ಬರೆಯುವವನು ಪ್ರತಿ ತಿದ್ದುಪಡಿಗೂ ಯಂತ್ರವನ್ನು ಆರಿಸಿ ಹೊತ್ತಿಸುತ್ತ ಕೂರಬೇಕಾಗುತ್ತದೆ. ನನ್ನಂಥವರ ವೈಫೈಗೂ ಅದೇ ಗತಿ.

ನನ್ನ ಅಭಿಪ್ರಾಯವಿಷ್ಟೆ: ತೆಗೆಯುವ ದಾರಿ ಇರಲಿ, ಬಲವಂತ ಬೇಡ. ಮಾಡ್ಯೂಲ್ ಬರೆಯುವವರು ಪ್ರವೇಶದ ಭಾಗವನ್ನು ಬರೆದಷ್ಟೇ ಶ್ರದ್ಧೆಯಿಂದ ನಿರ್ಗಮನದ ಭಾಗವನ್ನೂ ಬರೆಯಲಿ. ಪಡೆದ ಸ್ಮೃತಿಯನ್ನು ಹಿಂದಿರುಗಿಸಿ, ಇಟ್ಟ ಗಡಿಯಾರಗಳನ್ನು ನಿಲ್ಲಿಸಿ, ನೋಂದಾಯಿಸಿದ ಹೆಸರನ್ನು ಅಳಿಸಿ ಹೊರಡಲಿ. ಅವಸರದಲ್ಲಿ ಇದನ್ನು ಪರೀಕ್ಷಿಸದೆ ಬಿಡುವವರು ಅನೇಕರು. ಈ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳು ಆ ಸಾಲಿಗೆ ಸೇರದಿರಲಿ ಎಂಬುದೇ ಈ ಮೇಷ್ಟರ ಆಸೆ.